ಕೂತವರ ಚಳಿಯೇ ಬೇರೆ

ಕಾರ್ತೀಕ ಕಳೆದು ಮಾರ್ಗಶಿರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ನಡೆಯಲಾಗದವರ ಅಥವಾ ಕಷ್ಟಪಟ್ಟು ನಡೆಯುವವರ ಮನೆಗಳಿಂದ ಬಂದಿರುವುದರಿಂದ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ನಮ್ಮ ರಾಜ್ಯದ್ದು ಹಿಮ ಬೀಳುವ ಚಳಿಯಲ್ಲ. ಬೀದರ್, ವಿಜಯಪುರಗಳಲ್ಲಿ ಡಿಸೆಂಬರ್–ಜನವರಿಯ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುತ್ತದೆ. ಬೆಂಗಳೂರಿನಲ್ಲಿ ಬಹುತೇಕ 15ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಓಡಾಡುವವರಿಗೆ ಇದು ಒಂದು ಸ್ವೆಟರಿನ ಮಾತು. ಆದರೆ ಓಡಾಡುವ ಮೈಯನ್ನು ಬೆಚ್ಚಗಿಡುವುದು ದುಡಿಯುವ ಸ್ನಾಯು. ಸ್ನಾಯು ದುಡಿಯದಿದ್ದರೆ ಒಲೆ ಹೊತ್ತಿಸದ ಅಡುಗೆಮನೆಯಂತೆ ಮೈ ತಣ್ಣಗಾಗುತ್ತಲೇ ಹೋಗುತ್ತದೆ. ಹಾಗಾಗಿಯೇ ಕಸ ಗುಡಿಸಿ, ನೀರು ಹೊತ್ತು ಬಂದ ಸೊಸೆ ಬೆವರು ಒರೆಸಿಕೊಳ್ಳುವ ಕೋಣೆಯಲ್ಲೇ ಮಂಚದ ಮೇಲಿನ ಅತ್ತೆಗೆ ನಡುಕ ಹತ್ತಿರುತ್ತದೆ. ಚಳಿಯೆಷ್ಟಿದೆ ಎಂಬುದನ್ನು ಕೂತವರ ಮೈ ಮುಟ್ಟಿ ತಿಳಿಯಬೇಕು. ಇನ್ನೊಂದು ಮಾತು: ನಾನು ಕಂಡಂತೆ ಇಂಥವರನ್ನು ಈ ದಿನಗಳಲ್ಲಿ ಆಸ್ಪತ್ರೆಗೆ ತರುವುದು ಚಳಿಗಿಂತ ಹೆಚ್ಚಾಗಿ ಚಳಿ ಓಡಿಸಲೆಂದು ಮನೆಯವರು ಮಾಡಿದ ಉಪಾಯಗಳು. ಮೊದಲ ಪತ್ರವನ್ನೇ ನೋಡಿ.

ಪ್ರಶ್ನೆ: ನಮ್ಮ ಅತ್ತೆಗೆ 68 ವರ್ಷ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತಿವೆ. ಥಂಡಿ ಶುರುವಾದ ಮೇಲೆ ಆ ಭಾಗ ಮರಗಟ್ಟಿದಂತಾಗಿ ರಾತ್ರಿಯೆಲ್ಲ ನರಳುತ್ತಾರೆ. ಕಾಲ ಬಳಿ ಬಿಸಿನೀರಿನ ಚೀಲ ಇಟ್ಟು, ಎರಡು ಕೌದಿ ಹೊದಿಸಿ, ಕೋಣೆಯಲ್ಲಿ ಇದ್ದಿಲಿನ ಶೆಗಡಿ ಹೊತ್ತಿಸಿ ಬಾಗಿಲು ಮುಚ್ಚುತ್ತೇವೆ. ಆದರೂ ಬೆಳಿಗ್ಗೆ ಮುಷ್ಟಿ ಬಿಡಿಸಲು ಆಗುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬರುತ್ತೇನೆಂದು ಬೇರೆ ಹಟ ಹಿಡಿದಿದ್ದಾರೆ. ಕರೆದುಕೊಂಡು ಹೋಗಬಹುದೇ? — ಓದುಗಿ, ಭಾಲ್ಕಿ

ಉತ್ತರ: ನಿಮ್ಮ ಅಕ್ಕರೆಯಲ್ಲಿ ಕೊರತೆಯಿಲ್ಲ, ಆದರೆ ನೀವು ಮಾಡುತ್ತಿರುವ ಮೂರೂ ಉಪಾಯಗಳನ್ನು ಇಂದು ರಾತ್ರಿಯಿಂದಲೇ ಬದಲಿಸಬೇಕು.

ಮೊದಲು ಶೆಗಡಿಯನ್ನು ಹೊರಗಿಡಿ. ಗಾಳಿಯಾಡದ ಕೋಣೆಯಲ್ಲಿ ಇದ್ದಿಲು ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣಿಸದ ನಿಗಿನಿಗಿ ಕೆಂಡದಿಂದಲೂ ಅದು ಬರುತ್ತಲೇ ಇರುತ್ತದೆ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಹಿಡಿದುಕೊಳ್ಳುವುದರಿಂದ ಮಲಗಿದವರು ತಲೆನೋವೆಂದು ಹೇಳುವ ಮೊದಲೇ ಎಚ್ಚರ ತಪ್ಪಬಹುದು. ಆರೋಗ್ಯವಂತರು ಉಸಿರುಗಟ್ಟಿದಂತಾದರೆ ಎದ್ದು ಬಾಗಿಲು ತೆಗೆದಾರು. ನಿಮ್ಮ ಅತ್ತೆಯವರಿಗೆ ಅದೂ ಸಾಧ್ಯವಿಲ್ಲ. ಕೋಣೆ ಬೆಚ್ಚಗಾಗಲೇಬೇಕೆಂದಿದ್ದರೆ ಸಂಜೆ ನಾಲ್ಕಕ್ಕೇ, ಗೋಡೆಗಳಲ್ಲಿ ಹಗಲಿನ ಬಿಸಿ ಇನ್ನೂ ಇರುವಾಗಲೇ, ಕಿಟಕಿಗಳನ್ನು ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಹಳೆಯ ಸೀರೆಯನ್ನು ಸುತ್ತಿ ಇಡಿ. ಬಯಲುಸೀಮೆಯ ಥಂಡಿಯಲ್ಲಿ ಅರ್ಧ ಪಾಲು ಗಾಳಿಯದ್ದೇ.

ಬಿಸಿನೀರಿನ ಚೀಲ ಎರಡನೆಯದು. ಲಕ್ವಾ ಹೊಡೆದ ಭಾಗದಲ್ಲಿ ಎಷ್ಟೋ ಜನರಿಗೆ ಬಿಸಿ ತಣ್ಣನೆಯ ಅರಿವು ಕಡಿಮೆಯಾಗಿರುತ್ತದೆ. ಕುದಿಯುವ ನೀರೇ ಬೇಕೆಂದಿಲ್ಲ, 44 ಡಿಗ್ರಿಯಷ್ಟು ಬಿಸಿಯ ವಸ್ತು ಸುಮಾರು ಆರು ಗಂಟೆ ಒಂದೇ ಕಡೆ ತಾಗಿಕೊಂಡಿದ್ದರೂ ಚರ್ಮ ಸುಡುತ್ತದೆ, ಮತ್ತು ಆರು ಗಂಟೆ ಎಂದರೆ ಒಂದು ರಾತ್ರಿಯ ನಿದ್ದೆ. ಹಾಗಾಗಿ ಚೀಲವನ್ನು ಮಲಗುವ ಅರ್ಧ ಗಂಟೆ ಮೊದಲು ಹಾಸಿಗೆಯೊಳಗೆ ಇಟ್ಟು, ಹಾಸಿಗೆ ಬೆಚ್ಚಗಾದ ಮೇಲೆ ತೆಗೆದುಬಿಡಿ, ಅವರು ಆಮೇಲೆ ಮಲಗಲಿ. ಸ್ನಾನದ ನೀರನ್ನೂ ಅವರ ಎಡಗೈಯಿಂದಲೇ ಮುಟ್ಟಿಸಿ ನೋಡಿ. ಬಕೆಟ್ಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ಇನ್ನು ಕೌದಿ. ನಿಮ್ಮ ಕಡೆಯ ಕೌದಿಯ ಭಾರ ನನಗೆ ಗೊತ್ತು. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಒತ್ತೊತ್ತಾಗಿ ಹೊಲಿದ ಎರಡು ಕೌದಿಗಳು ಅಂಗಾತ ಮಲಗಿದ ಸೋತ ಕಾಲಿನ ಮೇಲೆ ಬಿದ್ದರೆ ಪಾದ ಮುಂದಕ್ಕೆ ಬಾಗಿ, ಬೆರಳುಗಳು ಹಾಸಿಗೆಯ ಕಡೆಗೆ ಒತ್ತಿಕೊಂಡಿರುತ್ತವೆ. ಇದೇ ಭಂಗಿ ರಾತ್ರಿಯಿಂದ ರಾತ್ರಿಗೆ ಮುಂದುವರಿದರೆ ಹಿಮ್ಮಡಿಯ ಹಿಂದಿನ ನರವೆಂದು ನಾವು ಕರೆಯುವ, ಸ್ನಾಯುವನ್ನು ಮೂಳೆಗೆ ಜೋಡಿಸುವ ಕಂಡರ ಗಿಡ್ಡವಾಗಿ, ನಿಂತಾಗ ಹಿಮ್ಮಡಿ ನೆಲಕ್ಕೆ ಊರುವುದೇ ಇಲ್ಲ. ಕಾಲ ತುದಿಯಲ್ಲಿ ಒಂದು ರಟ್ಟಿನ ಪೆಟ್ಟಿಗೆಯ ಎರಡು ಬದಿ ಕತ್ತರಿಸಿ, ಪುಟ್ಟ ಸೇತುವೆಯಂತೆ ಪಾದಗಳ ಮೇಲೆ ನಿಲ್ಲಿಸಿ, ಅದರ ಮೇಲೆ ಕೌದಿ ಹೊದಿಸಿ. ಭಾರವೆಲ್ಲ ಪೆಟ್ಟಿಗೆಯದ್ದು, ಬಿಸಿ ಪಾದದ್ದು. ಎರಡನೆಯ ಕೌದಿಯ ಬದಲು ಹಗುರವಾದ ಉಣ್ಣೆಯ ಶಾಲು ಸಾಕು, ಮೈಗೆ ತಾಗುವ ಕಡೆ ಹತ್ತಿಯ ಬಟ್ಟೆ ಇರಲಿ.

ಬೆಳಗಿನ ಮುಷ್ಟಿಯ ಬಗ್ಗೆ: ಚಳಿಗೆ ಸೆಡೆತ ಹೆಚ್ಚುತ್ತದೆ. ಬೆರಳುಗಳನ್ನು ಜಗ್ಗಿ ಬಿಡಿಸಬೇಡಿ, ಜಗ್ಗಿದಷ್ಟೂ ಮುಷ್ಟಿ ಬಿಗಿಯುತ್ತದೆ. ಮೊದಲು ಮಣಿಕಟ್ಟನ್ನು ಒಳಕ್ಕೆ ಮೆಲ್ಲಗೆ ಮಡಿಸಿದರೆ ಬೆರಳುಗಳು ತಾವಾಗಿ ಸಡಿಲವಾಗುತ್ತವೆ. ಆಗ ಹೆಬ್ಬೆರಳಿನಿಂದ ಆರಂಭಿಸಿ ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಅರ್ಧ ನಿಮಿಷ ಹಾಗೆಯೇ ಹಿಡಿದುಕೊಳ್ಳಿ. ಸ್ವೆಟರ್ ಮುಂದೆ ಗುಂಡಿಯಿರುವುದಾಗಿರಲಿ. ತೊಡಿಸುವಾಗ ಬಲಗೈ ಮೊದಲು, ಬಿಚ್ಚುವಾಗ ಬಲಗೈ ಕೊನೆಗೆ. ತಲೆಯ ಮೇಲಿಂದ ಎಳೆದು ತೊಡಿಸುವ ಸ್ವೆಟರಿನಿಂದ ಸೋತ ಭುಜದ ಕೀಲು ನೋಯುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ.

ಹೊಲಕ್ಕೆ ಖಂಡಿತ ಕರೆದೊಯ್ಯಿರಿ. ವರ್ಷಕ್ಕೊಮ್ಮೆ ಭೂತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲುವ ದಿನ ಅವರನ್ನು ಮನೆಯಲ್ಲಿ ಒಬ್ಬರೇ ಬಿಟ್ಟು ಹೋಗುವುದು ಯಾವ ವೈದ್ಯ ಹೇಳಿದರೂ ತಪ್ಪೇ. ಬಿಸಿಲೇರಿದ ಮೇಲೆ, ಹತ್ತರ ನಂತರ ಹೊರಟು ನಾಲ್ಕರೊಳಗೆ ಮರಳಿ. ಎರೆಮಣ್ಣಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಕಾಲು ಹುಗಿದು ಕುರ್ಚಿ ವಾಲುತ್ತದೆ, ಆದ್ದರಿಂದ ಕುರ್ಚಿಯ ಕೆಳಗೆ ಒಂದು ಹಲಗೆ ಹಾಕಿ, ಜೋಳದ ಬೆಳೆ ಗಾಳಿಗೆ ಮರೆಯಾಗುವ ಬದಿಯಲ್ಲಿ ಕೂರಿಸಿ. ಸಜ್ಜೆ ರೊಟ್ಟಿ, ಭಜ್ಜಿ ತಿನ್ನಲಿ. ಅಂಬಲಿಯನ್ನು ಮಾತ್ರ ನೇರವಾಗಿ ಕೂತು, ಸ್ವಲ್ಪ ಸ್ವಲ್ಪವೇ ಕುಡಿಯಲಿ. ಲಕ್ವಾ ಆದವರಿಗೆ ತೆಳುವಾದದ್ದು ಗಂಟಲಲ್ಲಿ ದಾರಿ ತಪ್ಪುವುದುಂಟು. ಚಳಿಯಲ್ಲಿ ರಕ್ತದೊತ್ತಡ ಏರುವುದು ಸಾಮಾನ್ಯವಾದ್ದರಿಂದ ಮಾತ್ರೆಯ ಡಬ್ಬಿ ಜೊತೆಯಲ್ಲಿರಲಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಮತ್ತೆ ಕಂಡರೆ ಹೊಲದಿಂದಲೇ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಡಬಹುದಾದ ಅವಧಿ ಸುಮಾರು ನಾಲ್ಕೂವರೆ ಗಂಟೆ ಮಾತ್ರ.

ಪ್ರಶ್ನೆ: ನನಗೆ 31 ವರ್ಷ. ಕಟ್ಟಡದ ಕೆಲಸದಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಎದೆಯ ಮಧ್ಯದಿಂದ ಕೆಳಗೆ ಸ್ಪರ್ಶವಿಲ್ಲ. ಗಾಲಿಕುರ್ಚಿಯಲ್ಲಿದ್ದೇನೆ. ಮೂತ್ರಕ್ಕೆ ನಳಿಕೆ ಹಾಕಿದ್ದಾರೆ. ಚಳಿಯಲ್ಲಿ ತೋಳು ಮತ್ತು ದವಡೆ ನಡುಗುತ್ತವೆ, ಕಾಲು ನಡುಗುವುದೇ ಇಲ್ಲ, ಆದರೆ ಮುಟ್ಟಿದರೆ ಮಂಜುಗಡ್ಡೆ. ಸಂಜೆ ಗೆಳೆಯರ ಜೊತೆ ಬೆಂಕಿ ಕಾಯಿಸಿಕೊಳ್ಳಲು ಕೂರುತ್ತೇನೆ. ಚೀಲ ಬೇಗ ತುಂಬುತ್ತದೆಂದು ನೀರು ಕಡಿಮೆ ಮಾಡಿದ್ದೇನೆ. ಇದೆಲ್ಲ ಸರಿಯೇ? — ಓದುಗ, ವಿಜಯಪುರ ಜಿಲ್ಲೆ

ಉತ್ತರ: ಬೆಂಕಿಯ ಸುತ್ತ ಕೂತು ಹರಟುವುದನ್ನು ಬಿಡಿ ಎಂದು ಹೇಳುವಷ್ಟು ಕಠಿಣ ನಾನಲ್ಲ. ಕೂರುವ ಜಾಗ ಬದಲಿಸಿ ಎನ್ನುತ್ತೇನೆ.

ನಡುಕ ಎಂಬುದು ಮೈ ತಾನಾಗಿ ಶಾಖ ಹುಟ್ಟಿಸಿಕೊಳ್ಳುವ ಉಪಾಯ. ನಡುಗು ಎಂಬ ಆಜ್ಞೆ ಮಿದುಳಿನಿಂದ ಬೆನ್ನುಹುರಿಯ ಮೂಲಕ ಇಳಿಯಬೇಕು. ಪೆಟ್ಟಾದ ಜಾಗದಿಂದ ಕೆಳಗೆ ಅದು ತಲುಪುವುದಿಲ್ಲ. ಚರ್ಮದ ರಕ್ತನಾಳಗಳನ್ನು ಬಿಗಿಹಿಡಿದು ಶಾಖ ಉಳಿಸಿಕೊಳ್ಳುವ ಆಜ್ಞೆಯ ಗತಿಯೂ ಅಷ್ಟೇ. ಹೀಗಾಗಿ ನಿಮ್ಮ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ಸುತ್ತಲಿನ ಗಾಳಿಯ ತಂಪಿಗೆ ಹೊಂದಿಕೊಳ್ಳುತ್ತಾ ಹೋಗುತ್ತದೆ, ಅದೂ ನಿಮಗೆ ತಿಳಿಸದೆ. ದೇಹದೊಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಅಪಾಯದ ಸ್ಥಿತಿ, ಅದಕ್ಕೆ ಹಿಮವೇ ಬೀಳಬೇಕಿಲ್ಲ. ಒಂದು ಥರ್ಮಾಮೀಟರ್ ಇಟ್ಟುಕೊಳ್ಳಿ; ಮಂಕು ಕವಿದಂತಾದರೆ, ಮಾತು ನಿಧಾನವಾದರೆ ನೋಡಿಸಿಕೊಂಡು, ಕಡಿಮೆಯಿದ್ದರೆ ಆಸ್ಪತ್ರೆಗೆ ಹೋಗಿ.

ಇನ್ನು ಬೆಂಕಿ. ನಾನು ಚಿಕಿತ್ಸೆ ಕೊಟ್ಟ ಒಬ್ಬ ಹುಡುಗ ಹೀಗೆಯೇ ಗೆಳೆಯರ ಜೊತೆ ಕೂತಿದ್ದ. ಗಾಲಿಕುರ್ಚಿಯ ಕಾಲಿಡುವ ಲೋಹದ ತಟ್ಟೆ ಬೆಂಕಿಗೆ ಕಾದು, ತೆಳುವಾದ ಚಪ್ಪಲಿಯ ಒಳಗಿಂದ ಅಂಗಾಲು ಬೆಂದಿತ್ತು. ಅವನಿಗೆ ಅದು ಗೊತ್ತಾದದ್ದು ರಾತ್ರಿ ಕಾಲುಚೀಲ ಬಿಚ್ಚುವಾಗ ಚರ್ಮವೂ ಅಂಟಿಕೊಂಡು ಬಂದಾಗ. ಆ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು, ಅಷ್ಟು ದಿನವೂ ಅವನು ಕುರ್ಚಿಯ ಬದಲು ಹಾಸಿಗೆಯಲ್ಲಿದ್ದ. ಆದ್ದರಿಂದ ಬೆಂಕಿಯಿಂದ ಐದಾರು ಅಡಿ ದೂರ, ಮುಖಕ್ಕೆ ಮತ್ತು ಎದೆಯ ಮೇಲ್ಭಾಗಕ್ಕೆ, ಅಂದರೆ ಸ್ಪರ್ಶವಿರುವ ಕಡೆಗೆ, ಹಿತವಾದ ಬಿಸಿ ತಾಗುವಷ್ಟೇ ಹತ್ತಿರದಲ್ಲಿ ಕೂರಿ. ಕಾಲಿನ ಮೇಲೆ ನೈಲಾನ್ ಅಥವಾ ಪಾಲಿಯೆಸ್ಟರ್ ಹೊದಿಕೆ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಹತ್ತಿಕೊಳ್ಳುತ್ತದೆ. ಆಗಾಗ ಕೈಯಿಂದ ತಟ್ಟೆಯನ್ನೂ ಮೊಣಕಾಲನ್ನೂ ಮುಟ್ಟಿ ನೋಡಿ. ನಿಮ್ಮ ಕಾಲಿನ ಅರಿವು ಈಗ ನಿಮ್ಮ ಕೈಯಲ್ಲೇ ಇದೆ.

ಶಾಖವನ್ನು ಹೊರಗಿನಿಂದ ತುಂಬುವುದಕ್ಕಿಂತ ಇರುವುದನ್ನು ಹಿಡಿದಿಡುವುದು ನಿಮಗೆ ಕ್ಷೇಮ. ದಪ್ಪನೆಯ ಒಂದು ಪ್ಯಾಂಟಿನ ಬದಲು ತೆಳುವಾದ ಎರಡು ಪದರ ತೊಡಿ, ನಡುವಿನ ಗಾಳಿಯೇ ಕಂಬಳಿಯಾಗುತ್ತದೆ. ಜೀನ್ಸ್‌ನ ಹಿಂದಿನ ಜೇಬು, ದಪ್ಪ ಹೊಲಿಗೆ, ಕುಂಡೆಯ ಕೆಳಗೆ ಮುದುಡಿದ ಶಾಲು — ಇವೆಲ್ಲ ಹಾಸಿಗೆಹುಣ್ಣಿಗೆ ದಾರಿ. ಚಳಿಯೆಂದು ಮುದುಡಿ ಕೂತು ಮೈ ಎತ್ತುವುದನ್ನು ಮರೆಯಬೇಡಿ. 15–20 ನಿಮಿಷಕ್ಕೊಮ್ಮೆ ಎರಡೂ ಕೈ ಊರಿ ಎದ್ದಂತೆ ಮಾಡಿ ಅಥವಾ ಮುಂದಕ್ಕೆ ಬಾಗಿ. ದಿನಕ್ಕೊಮ್ಮೆ ಕನ್ನಡಿ ಹಿಡಿದು ಹಿಂಭಾಗ, ಹಿಮ್ಮಡಿ ನೋಡಿಕೊಳ್ಳಿ. ಬೆಳಗ್ಗೆ ಗಾಲಿಯ ಉಕ್ಕಿನ ಬಳೆ ಕೊರೆಯುತ್ತಿದ್ದರೆ ಅಂಗೈಗೆ ರಬ್ಬರ್ ಇರುವ, ತೋಟದ ಕೆಲಸದ ಕೈಗವಸು ಚೆನ್ನಾಗಿ ಒದಗುತ್ತದೆ.

ನೀರು ಕಡಿಮೆ ಮಾಡಿದ್ದು ಈ ಪತ್ರದಲ್ಲಿ ನನಗೆ ಬೆಂಕಿಗಿಂತ ಹೆಚ್ಚು ಆತಂಕ ತಂದ ಸಂಗತಿ. ಚಳಿಯಲ್ಲಿ ಮೂತ್ರ ಹೆಚ್ಚುತ್ತದೆ, ಬಾಯಾರಿಕೆ ಕಡಿಮೆಯಾಗುತ್ತದೆ. ನೀರು ಸಾಲದಿದ್ದರೆ ಮೂತ್ರ ಗಟ್ಟಿಯಾಗಿ ಗಸಿ ಕಟ್ಟಿ ನಳಿಕೆ ಮುಚ್ಚಿಕೊಳ್ಳುತ್ತದೆ, ಸೋಂಕು ಹತ್ತುತ್ತದೆ, ಮಲವೂ ಕಟ್ಟುತ್ತದೆ. ನಿಮ್ಮ ವೈದ್ಯರು ಬೇರೆ ಮಿತಿ ಹೇಳಿರದಿದ್ದರೆ ದಿನಕ್ಕೆ ಎರಡು ಲೀಟರಿನಷ್ಟು ಬೆಚ್ಚನೆಯ ನೀರು ಒಳಗೆ ಹೋಗಲಿ. ನಿಮ್ಮಂತೆ ಎದೆಯ ಮಧ್ಯದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ ನಳಿಕೆ ಮುಚ್ಚಿದರೆ ಹಠಾತ್ತನೆ ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಹಣೆಯಲ್ಲಿ ಬೆವರು ಕಾಣಿಸಿ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಏರಬಲ್ಲದು. ಹಾಗಾದಾಗ ಮಲಗಬೇಡಿ, ನೇರ ಕೂತು, ಬಿಗಿಯಾದ ಬಟ್ಟೆ ಸಡಿಲಿಸಿ, ನಳಿಕೆ ಮಡಚಿದೆಯೇ, ಚೀಲ ತುಂಬಿದೆಯೇ ನೋಡಿಸಿ. ತಕ್ಷಣ ಸರಿಹೋಗದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಕುರ್ಚಿಯ ಹಿಂದೆ ಅಂಟಿಸಿ, ಬೆಂಕಿ ಕಾಯಿಸುವ ಗೆಳೆಯರಿಗೆ ಓದಿ ಹೇಳಿ.

ಪ್ರಶ್ನೆ: 57 ವರ್ಷ. ಎರಡನೇ ವಯಸ್ಸಿಗೆ ಪೋಲಿಯೊ ಆಗಿ ಎಡಗಾಲು ಸಣ್ಣದಾಗಿದೆ. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಕಟ್ಟಿ, ಊರುಗೋಲು ಹಿಡಿದು ತೋಟದ ವ್ಯವಹಾರವೆಲ್ಲ ನಾನೇ ನೋಡುತ್ತೇನೆ. ಈಚೆಗೆ ಚಳಿಗಾಲ ಬಂದರೆ ಆ ಕಾಲು ನೇರಳೆ ಬಣ್ಣಕ್ಕೆ ತಿರುಗಿ ಮಧ್ಯಾಹ್ನದವರೆಗೂ ಬೆಚ್ಚಗಾಗುವುದಿಲ್ಲ, ಬಲವೂ ಕಡಿಮೆ. ಅಡಿಕೆ ಕೊಯ್ಲಿನ ಸಮಯ, ಬೆಳಿಗ್ಗೆ ಆರಕ್ಕೇ ಅಂಗಳಕ್ಕೆ ಇಳಿಯಬೇಕು. ಕಳೆದ ವಾರ ಇಬ್ಬನಿಗೆ ಊರುಗೋಲು ಜಾರಿ ಬಿದ್ದೆ. — ಓದುಗ, ಸಾಗರ ತಾಲ್ಲೂಕು

ಉತ್ತರ: ಭಾರತದಲ್ಲಿ ಸಹಜ ಪೋಲಿಯೊ ವೈರಸ್ಸಿನ (ಲಸಿಕೆಯ ವೈರಸ್ಸಿನಿಂದ ಬಂದದ್ದಲ್ಲದ) ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ, 2014ರಲ್ಲಿ ನಾವು ಪೋಲಿಯೊಮುಕ್ತರೆಂಬ ಪ್ರಮಾಣಪತ್ರವೂ ಬಂತು. ಅದರ ಒಂದು ಅಡ್ಡಪರಿಣಾಮವೆಂದರೆ ಇಂದಿನ ಎಳೆಯ ವೈದ್ಯರಲ್ಲಿ ಅನೇಕರು ಪೋಲಿಯೊ ಕಾಲನ್ನು ಸರಿಯಾಗಿ ನೋಡಿಯೇ ಇಲ್ಲ, ನಿಮ್ಮಂಥವರ ದೂರನ್ನು ವಯಸ್ಸಿನ ಖಾತೆಗೆ ಹಾಕಿ ಕಳಿಸುತ್ತಾರೆ. ನಿಮ್ಮ ಕಾಲಿನಲ್ಲಿ ರಕ್ತವನ್ನು ಮೇಲಕ್ಕೆ ಒತ್ತುವ ಮೀನಖಂಡವೇ ಸಣ್ಣದು. ರಕ್ತ ಕೆಳಗೆ ನಿಂತು ತಣ್ಣಗಾಗುತ್ತದೆ, ಅದಕ್ಕೇ ಆ ನೇರಳೆ ಬಣ್ಣ. ತಣ್ಣಗಾದ ನರ ಮತ್ತು ಸ್ನಾಯು ನಿಧಾನವಾಗಿ ಕೆಲಸ ಮಾಡುವುದರಿಂದ ಇರುವ ಅಷ್ಟಿಷ್ಟು ಬಲವೂ ಬೆಳಗಿನಲ್ಲಿ ಕೈಕೊಡುತ್ತದೆ.

ಒಮ್ಮೆ ತಣ್ಣಗಾದ ಪೋಲಿಯೊ ಕಾಲು ಮತ್ತೆ ಬೆಚ್ಚಗಾಗಲು ಗಂಟೆಗಟ್ಟಲೆ ಬೇಕು, ಆದ್ದರಿಂದ ಅದು ತಣ್ಣಗಾಗಲು ಬಿಡಲೇಬಾರದು. ಕಂಬಳಿಯೊಳಗೆ ಇರುವಾಗಲೇ, ನೆಲಕ್ಕೆ ಕಾಲಿಡುವ ಮೊದಲೇ, ಮೊಣಕಾಲಿನವರೆಗಿನ ಹತ್ತಿಯ ಕಾಲುಚೀಲ, ಅದರ ಮೇಲೆ ಉಣ್ಣೆಯದ್ದು ಹಾಕಿಕೊಳ್ಳಿ. ಸ್ನಾನವಾದ ಮೇಲೂ ಕಾಲಿನ ಬಿಸಿ ಆರುವ ಮುನ್ನ ಹೀಗೆಯೇ. ಕ್ಯಾಲಿಪರನ್ನು ಜಗಲಿಯ ಗೂಟಕ್ಕೆ ನೇತುಹಾಕುವ ಅಭ್ಯಾಸವಿದ್ದರೆ ಬಿಡಿ. ರಾತ್ರಿಯಿಡೀ ಇಬ್ಬನಿಯಲ್ಲಿ ಕೊರೆದ ಕಬ್ಬಿಣ ಕಾಲಿನ ಬಿಸಿಯನ್ನೆಲ್ಲ ಹೀರುತ್ತದೆ. ಅದು ನಿಮ್ಮ ಮಂಚದ ಪಕ್ಕದಲ್ಲೇ ಮಲಗಲಿ.

ಬಿದ್ದ ವಿಷಯಕ್ಕೆ ಬರೋಣ. ಊರುಗೋಲನ್ನು ತಲೆಕೆಳಗು ಮಾಡಿ ಅದರ ರಬ್ಬರ್ ಬುಷ್ ನೋಡಿ. ಅದರ ತಳದ ಉಂಗುರಗಳು ಸವೆದು ನುಣುಪಾಗಿದ್ದರೆ ಅಥವಾ ಒಂದೇ ಬದಿ ಸವೆದು ಓರೆಯಾಗಿದ್ದರೆ ಬಿದ್ದದ್ದಕ್ಕೆ ಅದೇ ಕಾರಣ. ಕೆಲವೇ ರೂಪಾಯಿಯ ವಸ್ತು, ಮನೆಯಲ್ಲಿ ಯಾವಾಗಲೂ ಎರಡು ಹೆಚ್ಚಿಗೆ ಇರಲಿ. ಜಂಬಿಟ್ಟಿಗೆಯ ಮೆಟ್ಟಿಲುಗಳಲ್ಲಿ ಮಳೆಗಾಲದ ಪಾಚಿ ಒಣಗಿ ಕಪ್ಪಗೆ ಕೂತಿರುತ್ತದೆ, ಇಬ್ಬನಿ ಬಿದ್ದೊಡನೆ ಅದು ಮತ್ತೆ ಜೀವ ತಳೆದು ಜಾರುತ್ತದೆ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ, ಮೆಟ್ಟಿಲ ಪಕ್ಕಕ್ಕೆ ಒಂದು ಅಡಿಕೆ ದಬ್ಬೆಯ ಕೈಪಿಡಿ ಕಟ್ಟಿಸಿ. ಹಾಗೆಯೇ, ಆರು ಗಂಟೆಗೆ ನೀವೇ ಅಂಗಳಕ್ಕೆ ಇಳಿಯದಿದ್ದರೆ ಅಡಿಕೆ ಬೇಯುವುದಿಲ್ಲವೇ? ಇಬ್ಬನಿ ಆರುವವರೆಗೆ ಜಗಲಿಯಲ್ಲೇ ಕೂತು ಲೆಕ್ಕ ನೋಡಿ, ಒಂಬತ್ತರ ಮೇಲೆ ಇಳಿಯಿರಿ.

ಆದರೆ ಬಲ ಕಡಿಮೆಯಾದದ್ದು ಬೇಸಿಗೆಯಲ್ಲೂ ಮರಳದಿದ್ದರೆ, ಅಥವಾ ಇದುವರೆಗೆ ಚೆನ್ನಾಗಿದ್ದ ಬಲಗಾಲಿನಲ್ಲೂ ಆಯಾಸ ಕಂಡರೆ, ನರರೋಗ ತಜ್ಞರಿಗೆ ತೋರಿಸಿ. ಪೋಲಿಯೊ ಆಗಿ ದಶಕಗಳು ಕಳೆದ ಮೇಲೆ ಮತ್ತೆ ದೌರ್ಬಲ್ಯ ತೋರುವ ಒಂದು ಸ್ಥಿತಿಯಿದೆ, ಅದರಲ್ಲಿ ಹಟ ಹಿಡಿದು ವ್ಯಾಯಾಮ ಮಾಡಿದಷ್ಟೂ ಇರುವ ಬಲ ಸೋರುತ್ತದೆ. ಕ್ಯಾಲಿಪರ್ ಹಳೆಯದಾಗಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ಸಾಧನ ಸಲಕರಣೆಗಳ ಸರ್ಕಾರಿ ಶಿಬಿರಗಳಲ್ಲಿ ಹೊಸದಕ್ಕೆ ಅಳತೆ ಕೊಡಬಹುದು.

ಪ್ರಶ್ನೆ: ಸಂಧಿವಾತದಿಂದ ಎರಡೂ ಮಂಡಿ, ಬೆರಳುಗಳು ಬೆಳಿಗ್ಗೆ ಒಂದು ಗಂಟೆ ಬಗ್ಗುವುದೇ ಇಲ್ಲ. ವಾಕರ್ ಹಿಡಿದು ನಡೆಯುತ್ತೇನೆ. ನಮ್ಮ ಫ್ಲ್ಯಾಟ್‌ಗೆ ಬಿಸಿಲು ಬೀಳುವುದಿಲ್ಲ. — ನಿವೃತ್ತ ಶಿಕ್ಷಕಿ, ಬೆಂಗಳೂರು

ಉತ್ತರ: ಎಚ್ಚರವಾದ ಕೂಡಲೇ ಇಳಿಯಬೇಡಿ ಮೇಡಂ. ಹೊದಿಕೆಯೊಳಗೇ ಹತ್ತು ನಿಮಿಷ ಪಾದ ಮೇಲೆ ಕೆಳಗೆ, ಮಂಡಿ ಒಂದೊಂದಾಗಿ ಮಡಿಸುವುದು, ಬಿಡುವುದು ಮಾಡಿ, ಆಮೇಲೆ ವಾಕರಿಗೆ ಕೈ ಹಾಕಿ. ಬೆರಳುಗಳನ್ನು ಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ಇಟ್ಟರೆ ಹಿಡಿತ ಬರುತ್ತದೆ. ಮುಂಜಾನೆಯ ಎಳೆಬಿಸಿಲು ಮನಸ್ಸಿಗೆ ಹಿತ, ಆದರೆ ಡಿ ಜೀವಸತ್ವಕ್ಕೆ ಬೇಕಾದ ಕಿರಣ ಅದರಲ್ಲಿ ತೀರಾ ಕಡಿಮೆ. ಹತ್ತರ ಮೇಲೆ ಲಿಫ್ಟಿನಲ್ಲಿ ತಾರಸಿಗೆ ಹೋಗಿ ಕೈಕಾಲಿಗೆ ಬಿಸಿಲು ತಾಗುವಂತೆ ಕಾಲು ಗಂಟೆ ಕೂರಿ. ಕಿಟಕಿಯ ಗಾಜಿನ ಹಿಂದೆ ಕೂತರೆ ಆ ಕಿರಣ ದಾಟುವುದಿಲ್ಲ. ಸ್ನಾನದ ಮನೆಯೊಳಗೇ ಗ್ಯಾಸ್ ಗೀಸರ್ ಇದ್ದರೆ ಮೊದಲ ಉತ್ತರದ ಶೆಗಡಿಯ ಮಾತು ನಿಮಗೂ ಅನ್ವಯಿಸುತ್ತದೆ, ಅದನ್ನು ಹೊರಗೆ ಹಾಕಿಸಿ.

ಪ್ರಶ್ನೆ: ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ, ವಾಕರ್ ಹಿಡಿದು ನಡೆಯುವ ನನ್ನ ಅಮ್ಮನನ್ನು (74) ಜನವರಿಯಲ್ಲಿ ಇಲ್ಲಿಗೆ ಕರೆಸಿಕೊಳ್ಳುತ್ತಿದ್ದೇನೆ. ಏನೇನು ಸಿದ್ಧತೆ ಬೇಕು? — ಓದುಗ, ಟೊರೊಂಟೊ

ಉತ್ತರ: ಜನವರಿಯ ಟಿಕೆಟ್ ರದ್ದು ಮಾಡಿ ಮೇ ತಿಂಗಳಿಗೆ ತೆಗೆಯುವುದೇ ಮೊದಲ ಸಿದ್ಧತೆ. ರಜೆ, ವೀಸಾ ಎಂದು ಬದಲಿಸಲಾಗದಿದ್ದರೆ ಅಮ್ಮ ಮನೆಯೊಳಗೇ ನಡೆಯುವ ವ್ಯವಸ್ಥೆ ಮಾಡಿ, ಹಿಮ ಕರಗಿ ಮತ್ತೆ ಗಡ್ಡೆಕಟ್ಟಿದ ದಿನ ಹೊರಗೆ ಇಳಿಸಲೇಬೇಡಿ. ತಾಜಾ ಹಿಮಕ್ಕಿಂತ ಕಣ್ಣಿಗೆ ಕಾಣದ ಆ ತೆಳು ಗಾಜಿನಂಥ ಪದರವೇ ಹೆಚ್ಚು ಜಾರುತ್ತದೆ. ಊರುಗೋಲಿಗೂ ಬೂಟಿಗೂ ಹಾಕುವ ಮುಳ್ಳಿನ ಹಿಡಿತಗಳು ಅಲ್ಲಿ ಸಿಗುತ್ತವೆ. ಆದರೆ ಅವನ್ನು ಬಾಗಿಲಲ್ಲೇ ಬಿಚ್ಚಬೇಕು, ಟೈಲ್ಸ್ ನೆಲದ ಮೇಲೆ ಅವೇ ಜಾರಿಸುತ್ತವೆ. ಸೀರೆಯ ನೆರಿಗೆ ವಾಕರಿನ ಕಾಲಿಗೆ ಸಿಕ್ಕಿಕೊಳ್ಳುವುದು ಎಲ್ಲ ಋತುವಿನಲ್ಲೂ ಇರುವ ಅಪಾಯ, ಕೋಟಿನ ಭಾರದಲ್ಲಿ ಅದು ಗಮನಕ್ಕೂ ಬರುವುದಿಲ್ಲ. ಒಳಗೆ ಉಣ್ಣೆಯ ಪೈಜಾಮ, ಮೇಲೆ ಸಲ್ವಾರ್ ಒಪ್ಪಿಕೊಂಡರೆ ಅರ್ಧ ಗೆದ್ದಂತೆ. ಹೊರಡುವ ಮೊದಲು ವಿಮಾ ಕಾಗದದಲ್ಲಿ ಹಳೆಯ ಸೊಂಟದ ತೊಂದರೆಯನ್ನು ಹೊರಗಿಟ್ಟಿದ್ದಾರೆಯೇ ಎಂದು ಓದಿ ನೋಡಿ.

ಪ್ರಶ್ನೆ: ಹಾಸಿಗೆ ಹಿಡಿದ ನಮ್ಮ ತಂದೆಯವರ ಕಾಲಿಗೆ ಚಳಿಗಾಲದಲ್ಲಿ ಯಾವ ಎಣ್ಣೆ ತಿಕ್ಕಬೇಕು? ಈಚೆಗೆ ಎಡ ಮೀನಖಂಡ ಊದಿದೆ, ತಿಕ್ಕಿದರೆ ಇಳಿಯುತ್ತದೆಯೇ? — ಓದುಗ, ಹಾಸನ

ಉತ್ತರ: ಒಣಚರ್ಮಕ್ಕೆ ಕೊಬ್ಬರಿ ಎಣ್ಣೆಯೋ ಎಳ್ಳೆಣ್ಣೆಯೋ ಮನೆಯಲ್ಲಿರುವುದು ಸಾಕು, ಸ್ನಾನದ ನೀರು ಪೂರ್ತಿ ಆರುವ ಮೊದಲೇ ಸವರಿ. ಆದರೆ ಊದಿದ ಎಡಗಾಲನ್ನು ಮುಟ್ಟಬೇಡಿ. ಕದಲದೆ ಮಲಗಿದವರ ಒಂದೇ ಕಾಲು ಊದಿ, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಕಳಚಿ ಶ್ವಾಸಕೋಶಕ್ಕೆ ಹೋಗಿ ಕೂರುವ ಅಪಾಯವಿದೆ. ಈ ಪತ್ರಿಕೆ ನಿಮ್ಮ ಕೈಸೇರುವಷ್ಟರಲ್ಲಿ ತಡವಾಗಬಾರದೆಂದು ನೀವು ಕೊಟ್ಟಿದ್ದ ದೂರವಾಣಿ ಸಂಖ್ಯೆಗೆ ಸಂಪಾದಕರ ಮೂಲಕ ಆಗಲೇ ವಿಷಯ ತಿಳಿಸಿದ್ದೇನೆ. ಇನ್ನೂ ತೋರಿಸಿರದಿದ್ದರೆ ಈ ದಿನವೇ ತೋರಿಸಿ.